ಹಣ ಕಟ್ಟಿದ ಮೇಲೆ ಬಂದ ‘ಅನ್‌ಫಿಟ್’: ಹಾವೇರಿ ಜಿಲ್ಲೆಯ ಪೈಲಟ್ ವಿದ್ಯಾರ್ಥಿಯೊಬ್ಬನ ಬಣ್ಣದೃಷ್ಟಿಯ ಪ್ರಕರಣ

ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯ ಯುವಕನೊಬ್ಬ ವಾಣಿಜ್ಯ ಪೈಲಟ್ ತರಬೇತಿಗೆ ಸೇರಿ, ಪಕ್ಕದಲ್ಲಿ ಶಿಕ್ಷಕರಿಲ್ಲದೆ ಒಬ್ಬನೇ ವಿಮಾನ ಹಾರಿಸುವ ಹಂತವನ್ನೂ ದಾಟಿದ ಮೇಲೆ, ಸಂಬಳಕ್ಕೆ ವಿಮಾನ ಹಾರಿಸುವವರಿಗೆ ಬೇಕಾದ ಕ್ಲಾಸ್ ಒನ್ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದೃಷ್ಟಿಯ ದೋಷದ ಕಾರಣಕ್ಕೆ ಅನ್‌ಫಿಟ್ ಆದ. ಅದಕ್ಕೂ ಬಹಳ ಮೊದಲೇ ಅವನ ಕೈಯಲ್ಲಿ, ತರಬೇತಿ ಆರಂಭಿಸಲು ಸಾಕಾಗುವ ಕ್ಲಾಸ್ ಟು ವೈದ್ಯಕೀಯ ಪ್ರಮಾಣಪತ್ರವಿತ್ತು. ಅದರಲ್ಲಿ ಬಣ್ಣದೃಷ್ಟಿ ಸರಿಯಾಗಿದೆ ಎಂದೇ ನಮೂದಾಗಿತ್ತು. ಈ ದೋಷ ಹುಟ್ಟಿನಿಂದಲೇ ಬರುವಂಥದ್ದು, ವಯಸ್ಸಾದಂತೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆದ್ದರಿಂದ ಎರಡು ಕಾಗದಗಳಲ್ಲಿ ಒಂದು ಮೊದಲಿನಿಂದಲೂ ತಪ್ಪಾಗಿತ್ತು. ಆ ತಪ್ಪು ಬೆಳಕಿಗೆ ಬರುವಷ್ಟರಲ್ಲಿ ಕುಟುಂಬ ಹೊಲದ ಮೇಲೆ ಸಾಲ ತೆಗೆದು ತರಬೇತಿ ಶಾಲೆಗೆ ದೊಡ್ಡ ಮೊತ್ತವನ್ನು ಕಟ್ಟಿಯಾಗಿತ್ತು.

ನಾನು ಹುಬ್ಬಳ್ಳಿಯಲ್ಲಿ ನೇತ್ರವೈದ್ಯ. ಅನ್‌ಫಿಟ್ ಎಂಬ ತೀರ್ಮಾನ ಬಂದ ನಂತರ ಈ ಕುಟುಂಬ ನನ್ನ ಬಳಿಗೆ ಬಂತು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಪೈಲಟ್ ಆಗಬೇಕೆನ್ನುವ ಮಕ್ಕಳು ಈಗ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಣ್ಣ ಊರುಗಳಿಂದಲೂ ಬರುತ್ತಿದ್ದಾರೆ. ಅವರ ಮನೆಯವರು ಶುಲ್ಕ, ಹಾಸ್ಟೆಲ್, ವಿಮಾನದ ಬಗೆ ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸುತ್ತಾರೆ. ಆದರೆ ವೈದ್ಯಕೀಯ ಪರೀಕ್ಷೆಯನ್ನು ಮಾತ್ರ ಒಂದು ಸಹಿಯ ಕೆಲಸವೆಂದು ಭಾವಿಸುತ್ತಾರೆ. ಈ ಪ್ರಕರಣದಲ್ಲಿಯೂ ಹಾಗೆಯೇ ಆಯಿತು.

ಕುಟುಂಬದ ಹಿನ್ನೆಲೆ

ತಂದೆ ಮೆಣಸಿನಕಾಯಿ ವ್ಯಾಪಾರಿ. ಸ್ವಲ್ಪ ಹೊಲವೂ ಇದೆ. ಹುಡುಗ ಧಾರವಾಡದಲ್ಲಿ ಪಿಯುಸಿ ವಿಜ್ಞಾನ ಓದಿದವನು. ವಾಣಿಜ್ಯ ಪೈಲಟ್ ಪರವಾನಗಿಗೆ ಭೌತಶಾಸ್ತ್ರ ಮತ್ತು ಗಣಿತ ಬೇಕೆನ್ನುವುದನ್ನು ತಿಳಿದುಕೊಂಡೇ ಆ ವಿಷಯಗಳನ್ನು ಆರಿಸಿಕೊಂಡಿದ್ದ, ಒಳ್ಳೆಯ ಅಂಕಗಳನ್ನೂ ಪಡೆದಿದ್ದ. ಪರವಾನಗಿಗೆ ಬೇಕಾದ ಕನಿಷ್ಠ 200 ಗಂಟೆಗಳ ಹಾರಾಟವೂ ಸೇರಿ ತರಬೇತಿಯ ಒಟ್ಟು ಖರ್ಚು ಅರ್ಧ ಕೋಟಿಯ ಆಸುಪಾಸಿಗೆ ಹೋಗುತ್ತದೆ. ತಂದೆ ಅದರ ಮೊದಲ ಕಂತುಗಳನ್ನು ಉಳಿತಾಯದಿಂದ ಸ್ವಲ್ಪ, ಹೊಲದ ಮೇಲಿನ ಸಾಲದಿಂದ ಹೆಚ್ಚು ಎಂಬಂತೆ ಹೊಂದಿಸಿದ್ದರು.

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದ್ದು ಅದರ ಖಾರಕ್ಕಿಂತ ಹೆಚ್ಚಾಗಿ ಕಡುಗೆಂಪು ಬಣ್ಣಕ್ಕೆ ಹೆಸರಾದ ಬೆಳೆಯೆಂದು. ಕಡ್ಡಿ ತಳಿಯಾಗಲಿ ಡಬ್ಬಿ ತಳಿಯಾಗಲಿ, ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವಾಗ ಮೊದಲು ನೋಡುವುದು ಬಣ್ಣವನ್ನೇ. ಇಂಥ ಮನೆಯಲ್ಲಿ ಹುಟ್ಟಿದವನ ಬಣ್ಣದೃಷ್ಟಿಯ ದೋಷ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲವೇ ಎಂದು ಕೇಳಿದಾಗ, ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ ಹೇಳಿದರು: “ನಮ್ಮಪ್ಪಾವ್ರೂ ಹಿಂಗ ಇದ್ರ್ರಿ. ಕಾಯಿ ಆರಿಸೂಮುಂದ ನಮ್ಮವ್ವನ್ನ ಕರೀತಿದ್ರು.” ಬಿಳಚಿಕೊಂಡ ಕಾಯಿಯನ್ನು ಕೆಂಪು ಕಾಯಿಯಿಂದ ಬೇರೆ ಮಾಡುವ ಕೆಲಸಕ್ಕೆ ಮಗನನ್ನು ಕೂರಿಸಿದರೆ ಅವನೂ ತಡಮಾಡುತ್ತಿದ್ದ. ಓದುವ ಹುಡುಗ, ಅವನಿಗೆ ಈ ಕೆಲಸದಲ್ಲಿ ಮನಸ್ಸಿಲ್ಲ ಎಂದು ಮನೆಯವರು ಬಿಟ್ಟಿದ್ದರು.

ತಾಯಿಯ ಆ ಒಂದು ಮಾತು ರೋಗನಿದಾನಕ್ಕೆ ಬಹಳ ಮುಖ್ಯವಾದದ್ದು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲು ಬೇಕಾದ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನ ಮೇಲಿರುತ್ತವೆ. ಗಂಡಿಗೆ ಅದು ಒಂದೇ ಇರುವುದರಿಂದ ದೋಷವಿದ್ದರೆ ಅದು ಪ್ರಕಟವಾಗಿಯೇ ತೀರುತ್ತದೆ. ಹೆಣ್ಣಿಗೆ ಎರಡಿರುವುದರಿಂದ ಸಾಮಾನ್ಯವಾಗಿ ಅವಳಿಗೆ ತೊಂದರೆಯಾಗುವುದಿಲ್ಲ, ಆದರೆ ಅವಳ ಪ್ರತಿಯೊಬ್ಬ ಮಗನಿಗೂ ಅದು ದಾಟುವ ಸಂಭವ ಅರ್ಧದಷ್ಟಿರುತ್ತದೆ. ತಾಯಿಯ ತಂದೆಯಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ ಬರುವುದೇ ಇದರ ಸಾಮಾನ್ಯ ದಾರಿ. ಕ್ಲಾಸ್ ಟು ಪರೀಕ್ಷೆ ಮಾಡಿದವರು ‘ನಿಮ್ಮ ತಾಯಿಯ ಕಡೆ ಯಾರಿಗಾದರೂ ಬಣ್ಣ ಗುರುತಿಸುವ ತೊಂದರೆ ಇತ್ತೇ’ ಎಂಬ ಪ್ರಶ್ನೆಯೊಂದನ್ನು ಕೇಳಿದ್ದರೆ, ಮುಂದಿನ ಪರೀಕ್ಷೆಯನ್ನು ಇನ್ನಷ್ಟು ಜಾಗರೂಕತೆಯಿಂದ ಮಾಡಲು ಅವರಿಗೇ ಕಾರಣ ಸಿಗುತ್ತಿತ್ತು.

ಎರಡು ದರ್ಜೆಯ ಪರೀಕ್ಷೆಗಳು

ನಮ್ಮ ದೇಶದಲ್ಲಿ ಪೈಲಟ್‌ಗಳ ವೈದ್ಯಕೀಯ ಅರ್ಹತೆಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಂದರೆ ಡಿಜಿಸಿಎ, ನಿರ್ಧರಿಸುತ್ತದೆ. ವಿದ್ಯಾರ್ಥಿ ಪೈಲಟ್ ಮತ್ತು ಖಾಸಗಿ ಪೈಲಟ್ ಹಂತಕ್ಕೆ ಕ್ಲಾಸ್ ಟು ಸಾಕು. ಡಿಜಿಸಿಎ ಪಟ್ಟಿಯಲ್ಲಿರುವ ಖಾಸಗಿ ವೈದ್ಯರು ಅದನ್ನು ಮಾಡುತ್ತಾರೆ. ಸಂಬಳ ಪಡೆದು ವಿಮಾನ ಹಾರಿಸಬೇಕಾದರೆ ಕ್ಲಾಸ್ ಒನ್ ಬೇಕೇ ಬೇಕು. ಮೊದಲ ಬಾರಿಯ ಕ್ಲಾಸ್ ಒನ್ ಪರೀಕ್ಷೆ ಬಹುಕಾಲ ವಾಯುಪಡೆಯ ಕೇಂದ್ರಗಳಲ್ಲಿ ನಡೆದುಕೊಂಡು ಬಂದದ್ದು. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಮತ್ತು ದೆಹಲಿಯ ವಾಯುಪಡೆ ಕೇಂದ್ರ ಅವುಗಳಲ್ಲಿ ಹೆಸರಾದವು. ವಿಮಾನ ಸಂಚಾರ ನಿಯಂತ್ರಕರಿಗೆ ಕ್ಲಾಸ್ ತ್ರೀ ಎಂಬ ಬೇರೆ ದರ್ಜೆಯಿದೆ.

ಕ್ಲಾಸ್ ಟು ಕೈಗೆ ಬಂದ ಮೇಲೆಯೇ ಕ್ಲಾಸ್ ಒನ್‌ಗೆ ಹೋಗಬೇಕೆನ್ನುವುದು ಕ್ರಮ. ಆದರೆ ಕ್ಲಾಸ್ ಟು ಮಾತ್ರ ಇಟ್ಟುಕೊಂಡು ತರಬೇತಿ ಆರಂಭಿಸಲು ಯಾವ ಅಡ್ಡಿಯೂ ಇಲ್ಲ. ಕ್ಲಾಸ್ ಒನ್‌ಗೆ ದಿನಾಂಕ ಸಿಗುವುದು ತಡವಾಗುತ್ತದೆ ಎಂಬ ಕಾರಣಕ್ಕೆ ಎಷ್ಟೋ ಕುಟುಂಬಗಳು ಮೊದಲು ಶಾಲೆಗೆ ಸೇರಿಸಿ, ಆಮೇಲೆ ನೋಡಿಕೊಳ್ಳೋಣ ಎನ್ನುತ್ತವೆ. ಈ ಯುವಕನಿಗೂ ಶಾಲೆಯವರು ಅದೇ ಸಲಹೆ ಕೊಟ್ಟಿದ್ದರು. ಕ್ಲಾಸ್ ಒನ್ ಮೊದಲು ಮಾಡಿಸಿಕೊಂಡು ಬನ್ನಿ ಎಂದು ಕಟ್ಟುನಿಟ್ಟಾಗಿ ಹೇಳುವ ಶಾಲೆಗಳೂ ಇವೆ ಎನ್ನುವುದನ್ನು ಇಲ್ಲಿಯೇ ಹೇಳಬೇಕು. ಸೀಟು ತುಂಬುವ ಆತುರದಲ್ಲಿರುವ ಶಾಲೆ ಹಾಗೆ ಹೇಳುವುದಿಲ್ಲ.

ಇವನ ಕ್ಲಾಸ್ ಟು ಪರೀಕ್ಷೆ ಹೇಗೆ ನಡೆಯಿತೆನ್ನುವುದನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಂಡೆ. ಸಣ್ಣ ಕೋಣೆ, ಮೇಲೆ ಹಳದಿ ಬಲ್ಬು, ಮೇಜಿನ ಮೇಲೆ ಅಂಚು ಸವೆದ ಇಶಿಹಾರ ಪುಸ್ತಕ, ಎಂದರೆ ಬಣ್ಣದ ಚುಕ್ಕೆಗಳ ನಡುವೆ ಅಂಕಿಗಳನ್ನು ಅಡಗಿಸಿದ ಫಲಕಗಳ ಪುಸ್ತಕ. ವೈದ್ಯರು ಮೊದಲ ಕೆಲವು ಫಲಕಗಳನ್ನು ಪುಸ್ತಕದ ಕ್ರಮದಲ್ಲಿಯೇ ತಿರುವಿ ತೋರಿಸಿದರು, ಅವನು ಅಂಕಿಗಳನ್ನು ಹೇಳಿದ, ಅಲ್ಲಿಗೆ ಬಣ್ಣದ ಪರೀಕ್ಷೆ ಮುಗಿಯಿತು. ಬೆಳಕಿನ ವಿಷಯ ಸಣ್ಣದೆಂದು ಯಾರಿಗಾದರೂ ಅನ್ನಿಸಬಹುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ ಈ ಫಲಕಗಳನ್ನು ಹಗಲಿನ ಬೆಳಕಿನಲ್ಲಿ, ಇಲ್ಲವೇ ಅದಕ್ಕೆ ಸಮಾನವಾದ ಕೃತಕ ಬೆಳಕಿನಲ್ಲಿ ತೋರಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಹಳದಿ ಬಲ್ಬಿನ ಕೆಳಗೆ, ಹಸಿರಿನ ಗ್ರಹಿಕೆ ಕಡಿಮೆ ಇರುವವರು ಹಗಲಿಗಿಂತ ಚೆನ್ನಾಗಿ ಓದಿಬಿಡುತ್ತಾರೆ. ಹೀಗಾಗಿ ಬಲ್ಬಿನ ಆಯ್ಕೆಯೊಂದೇ ಪರೀಕ್ಷೆಯ ಫಲಿತಾಂಶವನ್ನು ತಿರುಗಿಸಬಲ್ಲದು.

ಕ್ಲಾಸ್ ಒನ್‌ನಲ್ಲಿ ನಡೆದದ್ದು ಪೂರ್ತಿ ಬೇರೆ. ಸರಿಯಾದ ಬೆಳಕು, ಎಲ್ಲ ಫಲಕಗಳು, ಫಲಕದಲ್ಲಿ ತಪ್ಪಿದ ಮೇಲೆ ಕತ್ತಲೆ ಕೋಣೆಯಲ್ಲಿ ಲ್ಯಾಂಟರ್ನ್ ಪರೀಕ್ಷೆ. ದೂರದಿಂದ ಕಾಣುವ ಸಣ್ಣ ದೀಪಗಳ ಬಣ್ಣವನ್ನು ಹೆಸರಿಸಬೇಕಾದ ಆ ಪರೀಕ್ಷೆಯಲ್ಲಿ ಅವನು ಬಿಳಿಯನ್ನು ಹಸಿರೆಂದೂ ಹಸಿರನ್ನು ಬಿಳಿಯೆಂದೂ ಹಲವು ಸಲ ಹೇಳಿದ. ಅಲ್ಲಿನ ಪರೀಕ್ಷಕರ ಕೆಲಸದಲ್ಲಿ ನನಗೆ ಯಾವ ಲೋಪವೂ ಕಾಣಲಿಲ್ಲ.

ಹುಬ್ಬಳ್ಳಿಯಲ್ಲಿ ಮಾಡಿದ ಪರೀಕ್ಷೆ

ತಂದೆ ನನ್ನ ಬಳಿ ಬಂದದ್ದು ಔಷಧಿಗಾಗಿ. “ಡಾಕ್ಟ್ರ, ಇವನ ಕಣ್ಣು ಭಾಳ ಛಲೋ ಅದಾವ್ರಿ. ಬಸ್ಸಿನ ಬೋರ್ಡ್ ನಮಗಿಂತ ಮೊದಲ ಇವನ ಓದತಾನ್ರಿ. ಏನರ ಔಷಧ ಇದ್ರ ಕೊಡ್ರಿ, ಎಷ್ಟ ರೊಕ್ಕ ಆದ್ರೂ ಚಿಂತಿಲ್ಲ,” ಎಂದರು. ಅಷ್ಟರಲ್ಲಿ ಜಾಹೀರಾತು ನೋಡಿ ಒಂದು ಕಡೆ ಗುಳಿಗೆಗಳಿಗೂ ಇನ್ನೊಂದು ಕಡೆ ಬಣ್ಣದ ಕನ್ನಡಕಕ್ಕೂ ಅವರು ಹಣ ಕೊಟ್ಟಿದ್ದರು. ಹುಟ್ಟಿನಿಂದ ಬಂದ ಕೆಂಪು-ಹಸಿರು ದೋಷಕ್ಕೆ ಇಂದು ಔಷಧಿಯಿಲ್ಲ. ಬಣ್ಣದ ಗಾಜು ಅಥವಾ ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಕೆಲವು ಬಣ್ಣಗಳ ನಡುವಿನ ಅಂತರವನ್ನು ಹಿಗ್ಗಿಸಿ ತೋರಿಸಬಹುದು, ಆದರೆ ಅದೇ ಹೊತ್ತಿಗೆ ಬೇರೆ ಬಣ್ಣಗಳನ್ನು ಒಂದಾಗಿಸುತ್ತದೆ. ವಿಮಾನಯಾನದ ಪರೀಕ್ಷೆಗೆ ಅದನ್ನು ತೊಟ್ಟು ಕೂರುವಂತಿಲ್ಲ. ಇದನ್ನು ಮೊದಲ ಭೇಟಿಯಲ್ಲಿಯೇ ನೇರವಾಗಿ ಹೇಳುವುದು ವೈದ್ಯನ ಕರ್ತವ್ಯವೆಂದು ನಾನು ನಂಬಿದ್ದೇನೆ. ಆಸೆ ಹುಟ್ಟಿಸಿ ಕಳಿಸಿದರೆ ಅವರು ಮುಂದಿನ ಜಾಹೀರಾತಿಗೆ ಸಿಕ್ಕಿಬೀಳುತ್ತಾರೆ.

ದೃಷ್ಟಿ ತೀಕ್ಷ್ಣತೆ ಎರಡೂ ಕಣ್ಣುಗಳಲ್ಲಿ ಕನ್ನಡಕವಿಲ್ಲದೆ 6/6 ಇತ್ತು. ಅಕ್ಷಿಪಟಲ, ದೃಷ್ಟಿನರ, ದೃಷ್ಟಿಕ್ಷೇತ್ರ ಎಲ್ಲವೂ ಸಹಜ. ಬಣ್ಣದ ಗ್ರಹಿಕೆಯನ್ನು ಕೆಡಿಸಬಲ್ಲ ಔಷಧಗಳಾಗಲಿ, ನರದ ಕಾಯಿಲೆಯಾಗಲಿ ಇರಲಿಲ್ಲ. ನಂತರ 38 ಫಲಕಗಳ ಇಶಿಹಾರ ಪುಸ್ತಕದ ಫಲಕಗಳನ್ನು ಕ್ರಮ ತಪ್ಪಿಸಿ, ಕಿಟಕಿಯ ಹಗಲು ಬೆಳಕಿನಲ್ಲಿ, ಮುಕ್ಕಾಲು ಮೀಟರ್ ದೂರದಿಂದ ತೋರಿಸಿದೆವು. ಈ ಆವೃತ್ತಿಯಲ್ಲಿ ಮೊದಲ 21 ಫಲಕಗಳ ಪೈಕಿ 17 ಅಥವಾ ಹೆಚ್ಚನ್ನು ಸರಿಯಾಗಿ ಓದಿದರೆ ಸಹಜ, 13 ಅಥವಾ ಕಡಿಮೆ ಓದಿದರೆ ದೋಷ. ಅವನು ದೋಷದ ಮಿತಿಗಿಂತ ಬಹಳ ಕೆಳಗಿದ್ದ. ಸಹಜ ಕಣ್ಣಿಗೆ 8 ಕಾಣುವಲ್ಲಿ ಅವನಿಗೆ 3 ಕಂಡಿತು, 29 ಕಾಣುವಲ್ಲಿ 70 ಕಂಡಿತು. ದೋಷದ ಬಗೆಯನ್ನು ಹೇಳುವ ಫಲಕಗಳಲ್ಲಿ 26ರ ಬದಲು 2 ಮಾತ್ರ, 42ರ ಬದಲು 4 ಮಾತ್ರ ಸ್ಪಷ್ಟವಾಯಿತು. ಇದು ಹಸಿರಿನ ಗ್ರಹಿಕೆಯ ಕಡೆಗಿರುವ ದೋಷವನ್ನು, ಎಂದರೆ ಡ್ಯೂಟಾನ್ ಬಗೆಯನ್ನು, ಸೂಚಿಸುತ್ತದೆ.

ಬಳಿಕ ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವ ಫಾರ್ನ್ಸ್‌ವರ್ತ್ ಡಿ-15 ಪರೀಕ್ಷೆ ಮಾಡಿದೆವು. ಅದರಲ್ಲಿ ಅವನು ಪಾಸಾದ. ತೀವ್ರ ದೋಷವಿದ್ದವರು ಸಾಮಾನ್ಯವಾಗಿ ಇದರಲ್ಲಿ ಬಿಲ್ಲೆಗಳನ್ನು ಅಡ್ಡಾದಿಡ್ಡಿ ಜೋಡಿಸುತ್ತಾರೆ. ಆದ್ದರಿಂದ ಅವನ ದೋಷ ತೀವ್ರವಲ್ಲ, ಸೌಮ್ಯ ಅಥವಾ ಮಧ್ಯಮ ಎಂಬ ತೀರ್ಮಾನಕ್ಕೆ ಬಂದೆವು. ಈ ತೀರ್ಮಾನ ತಂದೆಗೆ ಹೊಸ ಆಸೆ ಹುಟ್ಟಿಸಿತು, ನನಗೆ ಹೊಸ ಚಿಂತೆ ತಂದಿತು. ಸೌಮ್ಯವಾಗಿದ್ದರೆ ಅವನನ್ನು ಏಕೆ ನಿಲ್ಲಿಸಿದರು ಎಂಬ ಅವರ ಪ್ರಶ್ನೆಗೆ ಉತ್ತರಿಸಬೇಕಾದರೆ, ಕಾಕ್‌ಪಿಟ್‌ನಲ್ಲಿ ಬಣ್ಣದ ಕೆಲಸವೇನೆನ್ನುವುದನ್ನು ಮೊದಲು ಅರ್ಥಮಾಡಿಕೊಳ್ಳಬೇಕು.

ಪೈಲಟ್‌ಗೆ ಬಣ್ಣ ಏಕೆ ಬೇಕು

ರನ್‌ವೇ ಅಂಚಿನ ದೀಪಗಳು ಬಿಳಿ. ಅದರ ಆರಂಭದ ಗೆರೆಯಲ್ಲಿ ಹಸಿರು, ಕೊನೆಯಲ್ಲಿ ಕೆಂಪು. ವಿಮಾನ ರನ್‌ವೇಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇ ಅಂಚಿಗೆ ನೀಲಿ, ಮಧ್ಯದ ಗೆರೆಗೆ ಹಸಿರು. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯಲ್ಲಿ ಹಸಿರು, ಬಾಲದಲ್ಲಿ ಬಿಳಿ ದೀಪವಿರುತ್ತದೆ. ಇವುಗಳಿಂದ ಎದುರಿನ ವಿಮಾನ ಯಾವ ಕಡೆಗೆ ಹೋಗುತ್ತಿದೆ ಎಂದು ರಾತ್ರಿ ತಿಳಿಯುತ್ತದೆ. ರೇಡಿಯೊ ಕೆಟ್ಟರೆ ನಿಯಂತ್ರಣ ಗೋಪುರದಿಂದ ಬೆಳಕಿನ ಸಂಕೇತ ಬರುತ್ತದೆ: ಸ್ಥಿರ ಹಸಿರಿದ್ದರೆ ಇಳಿಯಬಹುದು, ಸ್ಥಿರ ಕೆಂಪಿದ್ದರೆ ಬೇರೆ ವಿಮಾನಕ್ಕೆ ದಾರಿಬಿಟ್ಟು ಸುತ್ತುತ್ತಿರಬೇಕು.

ಇವುಗಳಲ್ಲಿ ಬಹಳಷ್ಟನ್ನು ದೀಪ ಇರುವ ಜಾಗದಿಂದ, ಜೋಡಣೆಯಿಂದ, ಉಪಕರಣದಿಂದ ಊಹಿಸಬಹುದು. ಊಹೆಗೆ ಅವಕಾಶವೇ ಇಲ್ಲದ್ದು, ಇಳಿಯುವ ವಿಮಾನ ಸರಿಯಾದ ಎತ್ತರದಲ್ಲಿದೆಯೇ ಎಂದು ತೋರಿಸುವ, ಪಾಪಿ (PAPI) ಎಂದು ಕರೆಯುವ ದೀಪವ್ಯವಸ್ಥೆ. ರನ್‌ವೇ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಇಳಿಜಾರಿನಲ್ಲಿದೆ. ನಾಲ್ಕೂ ಬಿಳಿಯಾದರೆ ತೀರ ಎತ್ತರ, ನಾಲ್ಕೂ ಕೆಂಪಾದರೆ ತೀರ ಕೆಳಗೆ. ದೀಪಗಳ ಜಾಗ, ಆಕಾರ, ಸಂಖ್ಯೆ ಯಾವುದೂ ಬದಲಾಗುವುದಿಲ್ಲ, ಬಣ್ಣವೊಂದೇ ಬದಲಾಗುತ್ತದೆ.

ಈ ಕಾರಣಕ್ಕೆ, ಮಾನದಂಡವನ್ನೇ ಕಿತ್ತುಹಾಕಿ ಎನ್ನುವವರ ಜೊತೆ ನಾನಿಲ್ಲ. 2002ರ ಜುಲೈ 26ರ ನಸುಕಿನಲ್ಲಿ ಅಮೆರಿಕದ ಟಲಹಾಸಿಯಲ್ಲಿ ಫೆಡೆಕ್ಸ್‌ನ ಬೋಯಿಂಗ್ 727 ಸರಕು ವಿಮಾನ ಇಳಿಯುವಾಗ ರನ್‌ವೇಗಿಂತ ಮೊದಲೇ ಮರಗಳಿಗೆ ಬಡಿದು ನೆಲಕ್ಕೆ ಬಿತ್ತು. ಮೂವರು ಸಿಬ್ಬಂದಿಯೂ ಬದುಕುಳಿದರು. ಪಾಪಿ ದೀಪಗಳು ವಿಮಾನ ಕೆಳಗಿದೆ ಎಂದು ತೋರಿಸುತ್ತಿದ್ದವು. ವಿಮಾನ ನಡೆಸುತ್ತಿದ್ದ ಫಸ್ಟ್ ಆಫೀಸರ್‌ಗೆ, ಎಂದರೆ ಸಹಪೈಲಟ್‌ಗೆ, ತೀವ್ರವಾದ ಹಸಿರು ಬಣ್ಣದ ದೋಷವಿದ್ದದ್ದನ್ನು ತನಿಖೆ ದಾಖಲಿಸಿತು. ಅವರು ವಿನಾಯಿತಿಯ ಮೇಲೆ ಹಾರುತ್ತಿದ್ದವರು. ದಣಿವು, ಕಾರ್ಯವಿಧಾನ ಪಾಲಿಸದಿರುವುದು, ಉಳಿದಿಬ್ಬರು ಎಚ್ಚರಿಸದಿರುವುದು ಕೂಡ ಕಾರಣಗಳಾಗಿದ್ದವು. ಆದರೂ ಬಣ್ಣದ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ರೈಲುಗಳ ಚರಿತ್ರೆಯಲ್ಲಿಯೂ ಇದೇ ಪಾಠವಿದೆ: 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲುಗಳು ಡಿಕ್ಕಿಯಾದ ಬಳಿಕ ಶರೀರಶಾಸ್ತ್ರಜ್ಞ ಹೋಮ್‌ಗ್ರೆನ್ ರೈಲ್ವೆ ನೌಕರರನ್ನು ಬಣ್ಣದ ಉಣ್ಣೆಯ ಎಳೆಗಳಿಂದ ಪರೀಕ್ಷಿಸುವ ಪದ್ಧತಿಯನ್ನು ತಂದರು.

ಇನ್ನೊಂದು ಬದಿಯೂ ಇದೆ. ಆಸ್ಟ್ರೇಲಿಯದಲ್ಲಿ ಬಣ್ಣದೋಷವಿದ್ದ ಪೈಲಟ್‌ಗಳು 1980ರ ದಶಕದ ಕೊನೆಯಲ್ಲಿ ಮೇಲ್ಮನವಿ ನ್ಯಾಯಮಂಡಳಿಯವರೆಗೆ ಹೋದರು. 1989ರ ಡೆನಿಸನ್ ಪ್ರಕರಣದಲ್ಲಿ ನ್ಯಾಯಮಂಡಳಿ ಸಾಕ್ಷ್ಯಗಳನ್ನು ದೀರ್ಘವಾಗಿ ಕೇಳಿ, ಅಲ್ಲಿ ಇದ್ದ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸುವ ತೀರ್ಪು ಕೊಟ್ಟಿತು. ಆಮೇಲೆ ಅಲ್ಲಿ ಬಣ್ಣದೋಷವಿದ್ದವರು ವೃತ್ತಿನಿರತ ಪೈಲಟ್‌ಗಳಾಗಿ ದುಡಿದಿದ್ದಾರೆ. ನಮ್ಮ ದೇಶದಲ್ಲಿಯೂ ಬೇರೆ ಕ್ಷೇತ್ರಗಳಲ್ಲಿ ಧೋರಣೆ ಮೃದುವಾಗಿದೆ. 2020ರ ಜೂನ್‌ನಲ್ಲಿ ಸೌಮ್ಯ ಮತ್ತು ಮಧ್ಯಮ ಬಣ್ಣದೋಷವಿದ್ದವರಿಗೂ ಚಾಲನಾ ಪರವಾನಗಿ ಸಿಗುವಂತೆ ಕೇಂದ್ರ ಸರ್ಕಾರ ನಿಯಮ ತಿದ್ದಿತು. 2022ರಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಗೆ ಬಣ್ಣದೋಷವಿದ್ದ ಅಭ್ಯರ್ಥಿಯನ್ನು ಸೇರಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ ಹೇಳಿತು. ಹುಡುಗ ಇವೆರಡನ್ನೂ ಹುಡುಕಿ ತಂದು ನನ್ನ ಮುಂದಿಟ್ಟಿದ್ದ. ಆದರೆ ರಸ್ತೆಯ ಸಿಗ್ನಲ್‌ನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ ಎಂಬ ಜಾಗದ ಗುರುತು ಇರುತ್ತದೆ, ಪಾಪಿ ದೀಪಕ್ಕೆ ಅಂಥ ಗುರುತಿಲ್ಲ ಎಂದು ಅವನಿಗೆ ವಿವರಿಸಿದೆ. ಅವನು ಬುದ್ಧಿವಂತ, ಒಪ್ಪಿಕೊಂಡ.

ಹೌದು-ಇಲ್ಲ ಎಂಬುದರ ಬದಲು ಒಂದು ಅಳತೆ

ಫಲಕದ ಪುಸ್ತಕ ದೋಷವಿದೆಯೇ ಎಂಬುದನ್ನು ಬಹಳ ಚೆನ್ನಾಗಿ ಹೇಳುತ್ತದೆ, ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಲ್ಯಾಂಟರ್ನ್ ಕೆಲಸಕ್ಕೆ ಹತ್ತಿರವಾದ ಪರೀಕ್ಷೆಯೇನೋ ಹೌದು, ಆದರೆ ಅದೂ ಕೊನೆಗೆ ಕೊಡುವುದು ಪಾಸು ಅಥವಾ ಫೇಲು. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಬೆಂಬಲದಿಂದ ರೂಪುಗೊಂಡ ಕ್ಯಾಡ್ ಎಂಬ ಗಣಕ ಪರೀಕ್ಷೆ ಈ ಕೊರತೆಯನ್ನು ನೀಗಿಸುತ್ತದೆ. ಪರದೆಯ ಮೇಲೆ ಮಿನುಗುವ ಹಿನ್ನೆಲೆಯಲ್ಲಿ ಚಲಿಸುವ ಬಣ್ಣದ ಚೌಕ ಯಾವ ಮೂಲೆಗೆ ಹೋಯಿತೆಂದು ಅಭ್ಯರ್ಥಿ ಗುಂಡಿ ಒತ್ತಿ ಹೇಳಬೇಕು. ಬಾಯಿಪಾಠ ಮಾಡಲು ಅಲ್ಲಿ ಏನೂ ಇಲ್ಲ. ಸಹಜ ಕಣ್ಣಿನ ಸರಾಸರಿಯನ್ನು 1 ಎಂದಿಟ್ಟುಕೊಂಡು ದೋಷವನ್ನು ಅಳೆಯಲಾಗುತ್ತದೆ, ಅಂಕಿ ಹೆಚ್ಚಿದಷ್ಟೂ ದೋಷ ಹೆಚ್ಚು. ಪಾಪಿ ದೀಪಗಳನ್ನು ಸಹಜ ಕಣ್ಣಿನವರಷ್ಟೇ ಸರಿಯಾಗಿ ಗುರುತಿಸಬಲ್ಲವರ ಮಿತಿಯನ್ನು ಹಸಿರು ದೋಷಕ್ಕೆ 6, ಕೆಂಪು ದೋಷಕ್ಕೆ 12 ಎಂದು ಅಲ್ಲಿನ ಸಂಶೋಧಕರು ಗುರುತಿಸಿದರು. ಈ ಅಳತೆಯಂತೆ, ಹಳೆಯ ಪದ್ಧತಿಯಲ್ಲಿ ಬಣ್ಣದೋಷಿಗಳೆಂದು ಕರೆಸಿಕೊಳ್ಳುವವರಲ್ಲಿ ಸುಮಾರು ಮೂರನೇ ಒಂದು ಭಾಗ ಸುರಕ್ಷಿತವಾಗಿ ಹಾರಬಲ್ಲರು. ಅಮೆರಿಕ ಕೂಡ 2025ರ ಜನವರಿ 1ರಿಂದ ಹೊಸ ಅಭ್ಯರ್ಥಿಗಳಿಗೆ ಗಣಕ ಆಧಾರಿತ ಬಣ್ಣದ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ.

ನಮ್ಮಲ್ಲಿ ಆ ಉಪಕರಣವಿಲ್ಲ. ಕುಟುಂಬ ದೊಡ್ಡ ನಗರವೊಂದಕ್ಕೆ ಹೋಗಿ ಮಾಡಿಸಿಕೊಂಡು ಬಂತು. ಫಲಿತಾಂಶ ಮಿತಿಯ ಹತ್ತಿರಹತ್ತಿರ ಎರಡು ಪಟ್ಟಿತ್ತು. ಎಂದರೆ ಅತ್ಯಂತ ಸೂಕ್ಷ್ಮವಾದ, ಅತ್ಯಂತ ನ್ಯಾಯಯುತವಾದ ಮಾಪನದಲ್ಲಿಯೂ ಅವನು ಆಚೆಗೆ ಉಳಿಯುತ್ತಿದ್ದ. ಕ್ಲಾಸ್ ಒನ್ ತೀರ್ಮಾನ ಸರಿಯಾಗಿತ್ತು.

ಆ ವರದಿ ನೋಡಿ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆದರೆ ಅನ್‌ಫಿಟ್ ಎಂಬ ಒಂದೇ ಪದದ ಕಾಗದ ಕೈಗೆ ಬಂದಾಗಿನಿಂದ ಅವರಲ್ಲಿದ್ದ, ಯಾರೋ ಅನ್ಯಾಯ ಮಾಡಿದರೆಂಬ ಸಿಟ್ಟು ಅಂದು ಇಳಿಯಿತು. ಮಿತಿ ಇಷ್ಟು, ಇವನದು ಇಷ್ಟು ಎಂದು ಅಳತೆ ತೋರಿಸಿದಾಗ ಜನ ಒಪ್ಪಿಕೊಳ್ಳುತ್ತಾರೆ. ಕಾರಣವನ್ನು ಅಂಕಿಯಲ್ಲಿ ಬರೆದುಕೊಡುವ ಪದ್ಧತಿ ಬಂದರೆ ಎಷ್ಟೋ ಮೇಲ್ಮನವಿಗಳು ಹುಟ್ಟುವುದೇ ಇಲ್ಲ. ನಿಜವಾಗಿಯೂ ಅನ್ಯಾಯವಾದವರ ಮೇಲ್ಮನವಿಗೂ ಗಟ್ಟಿಯಾದ ಆಧಾರ ಸಿಗುತ್ತದೆ.

ತಪ್ಪಿದ್ದು ಎಲ್ಲಿ

ಮಾನದಂಡ ತಪ್ಪಲ್ಲ, ಕೊನೆಯ ಪರೀಕ್ಷೆಯೂ ತಪ್ಪಲ್ಲ ಎಂದ ಮೇಲೆ ಉಳಿಯುವುದು ಪರೀಕ್ಷೆಗಳ ಕ್ರಮ. ರಕ್ತದೊತ್ತಡ, ಸಕ್ಕರೆ, ಹೃದಯದ ಸ್ಥಿತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅದಕ್ಕೇ ಪೈಲಟ್‌ಗಳಿಗೆ ಮತ್ತೆ ಮತ್ತೆ ಪರೀಕ್ಷೆ. ಇಂದು ಫಿಟ್ ಆದವನು ನಾಳೆ ಅನ್‌ಫಿಟ್ ಆದರೆ ಅದಕ್ಕೆ ಹಿಂದಿನ ಪರೀಕ್ಷಕರನ್ನು ದೂರಲಾಗದು. ಹುಟ್ಟಿನಿಂದ ಬಂದ ಬಣ್ಣದೋಷ ಹಾಗಲ್ಲ. ಹದಿನಾರನೆಯ ವಯಸ್ಸಿನಲ್ಲಿ ಒಮ್ಮೆ ಸರಿಯಾಗಿ ಅಳೆದರೆ ಆ ಉತ್ತರ ಜೀವನಪೂರ್ತಿ ಸಲ್ಲುತ್ತದೆ. ಅಂಥ ಪರೀಕ್ಷೆಯನ್ನು ಕ್ಲಾಸ್ ಟು ಹಂತದಲ್ಲಿ ಸಡಿಲವಾಗಿ ಮಾಡಿ, ಬಿಗಿಯಾದ ಪರೀಕ್ಷೆಯನ್ನು ಹಣ ಕಟ್ಟಿದ ನಂತರದ ಕ್ಲಾಸ್ ಒನ್‌ಗೆ ಬಿಡುವುದರಿಂದ ಯಾರಿಗೂ ಲಾಭವಿಲ್ಲ. ಕ್ಲಾಸ್ ಟು ಕೂಡ ಅದೇ ಬಣ್ಣದ ಮಾನದಂಡವನ್ನು ಕೇಳುತ್ತದೆ. ಒಬ್ಬ ವಿದ್ಯಾರ್ಥಿ ಒಂಟಿಯಾಗಿ ಹಾರುವುದು ಅದರ ಬಲದ ಮೇಲೆಯೇ. ಇವನು ಹಾಗೆ ಹಾರಿದ ದಿನಗಳಲ್ಲಿ ಏನೂ ಆಗಲಿಲ್ಲ ಎನ್ನುವುದು ಅದೃಷ್ಟ.

ಹುಬ್ಬಳ್ಳಿಯವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿಯೇ ಇದೆ, ರೈಲ್ವೆ ನೌಕರರಿರುವ ಮನೆಗಳು ಓಣಿಗೊಂದು ಸಿಗುತ್ತವೆ. ಲೋಕೊ ಪೈಲಟ್, ಎಂದರೆ ರೈಲು ಚಾಲಕನ, ಹುದ್ದೆಗೆ ರೈಲ್ವೆಯ ಅತ್ಯಂತ ಕಠಿಣವಾದ ಎ-1 ವೈದ್ಯಕೀಯ ದರ್ಜೆ ಬೇಕು. ಇಶಿಹಾರ ಮತ್ತು ಎಡ್ರಿಡ್ಜ್-ಗ್ರೀನ್ ಲ್ಯಾಂಟರ್ನ್ ಎರಡನ್ನೂ ದಾಟಬೇಕು. ಅಲ್ಲಿ ಫೇಲ್ ಆದವರ ದುಃಖ ಸಣ್ಣದಲ್ಲ. ಆದರೆ ಆ ಪರೀಕ್ಷೆ ತರಬೇತಿಗಿಂತ ಮೊದಲೇ ನಡೆಯುತ್ತದೆ, ತರಬೇತಿಯ ಖರ್ಚನ್ನು ಅಭ್ಯರ್ಥಿ ಹೊರುವುದಿಲ್ಲ, ಯಾರ ಹೊಲವೂ ಅಡವಿಗೆ ಹೋಗುವುದಿಲ್ಲ. ವಿಮಾನಯಾನದಲ್ಲಿ ಖರ್ಚೆಲ್ಲ ಅಭ್ಯರ್ಥಿಯದೇ ಆಗಿರುವಾಗ, ಕ್ಲಾಸ್ ಒನ್ ಪ್ರಮಾಣಪತ್ರವಿಲ್ಲದೆ ಪರವಾನಗಿ ತರಬೇತಿಯ ಶುಲ್ಕ ಪಡೆಯಬಾರದೆಂಬ ನಿಯಮ ಶಾಲೆಗಳಿಗೆ ಇರಬೇಕಾದದ್ದು ನ್ಯಾಯ. ಶಿಕ್ಷಣ ಸಾಲ ಕೊಡುವ ಬ್ಯಾಂಕುಗಳೂ ಅಂಕಪಟ್ಟಿಯ ಜೊತೆಗೆ ಈ ಕಾಗದವನ್ನು ಕೇಳಬಹುದು. ಅದರಿಂದ ಅವರ ಸಾಲವೂ ಭದ್ರ, ಮಗುವಿನ ಮನೆಯೂ ಭದ್ರ.

ಹುಡುಗ ಮುಚ್ಚಿಟ್ಟದ್ದು

ಮೂರನೆಯ ಭೇಟಿಯಲ್ಲಿ ತಂದೆ ಹೊರಗೆ ಹೋದಾಗ ಅವನೇ ಹೇಳಿದ. ಹತ್ತನೆಯ ತರಗತಿಯಲ್ಲಿದ್ದಾಗ ಮೊಬೈಲ್‌ನಲ್ಲಿ ಇಂಥ ಫಲಕಗಳನ್ನು ನೋಡಿ, ಗೆಳೆಯರಿಗೆ ಕಂಡ ಅಂಕಿ ತನಗೆ ಕಾಣುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಕ್ಲಾಸ್ ಟು ಮೊದಲು ಪರಿಚಯದ ಹಿರಿಯ ವಿದ್ಯಾರ್ಥಿಯೊಬ್ಬ ಪುಸ್ತಕದ ಫಲಕಗಳ ಕ್ರಮವನ್ನು ಕಳಿಸಿ, ನೋಡಿಕೊಂಡು ಹೋಗು ಎಂದಿದ್ದ. ಹಳದಿ ಬೆಳಕು ಸ್ವಲ್ಪ ನೆರವಾಯಿತು, ಬಾಯಿಪಾಠ ಉಳಿದದ್ದನ್ನು ಮಾಡಿತು.

ಅವನು ಮಾಡಿದ್ದು ತಪ್ಪು ಎಂದು ನಾನು ಅವನಿಗೆ ಹೇಳಿದೆ. ಅವನ ಜೀವದ ಜೊತೆ ಬೇರೆಯವರ ಜೀವವೂ ಅದರಲ್ಲಿ ಸೇರಿತ್ತು. ಆದರೆ ಏಕೆ ಮುಚ್ಚಿಟ್ಟೆ ಎಂದು ಕೇಳಿದರೆ, “ಒಂದ್ಸಲ ಇಲ್ಲ ಅಂದ್ರ ಮುಗೀತಲ್ರಿ ಸರ್” ಎಂದ. ಇದರಲ್ಲಿ ಪ್ರಾಧಿಕಾರಗಳು ಗಂಭೀರವಾಗಿ ಕೇಳಿಸಿಕೊಳ್ಳಬೇಕಾದ ಮಾತಿದೆ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಪೈಲಟ್ ಉದ್ದೇಶಪೂರ್ವಕವಾಗಿ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ 150 ಜನ ಸತ್ತಾಗ, ಫ್ರಾನ್ಸಿನ ತನಿಖಾ ಸಂಸ್ಥೆ ಪರವಾನಗಿ ಕಳೆದುಕೊಂಡರೆ ಹಣವೂ ವೃತ್ತಿಯೂ ಹೋಗುತ್ತದೆಂಬ ಭಯ ಪೈಲಟ್‌ಗಳನ್ನು ಕಾಯಿಲೆ ಮುಚ್ಚಿಡಲು ದೂಡುತ್ತದೆ ಎಂಬುದನ್ನು ಎತ್ತಿ ಹೇಳಿತು. ಅದು ಮನಸ್ಸಿನ ಕಾಯಿಲೆಯ ಪ್ರಕರಣ, ನಮ್ಮದಕ್ಕೂ ಅದಕ್ಕೂ ತೀವ್ರತೆಯಲ್ಲಿ ಹೋಲಿಕೆಯಿಲ್ಲ. ಭಯದ ಬೇರು ಮಾತ್ರ ಒಂದೇ. ಸಾಲ ಎಷ್ಟು ಬೆಳೆಯುತ್ತದೆಯೋ ಸತ್ಯ ಹೇಳುವುದು ಅಷ್ಟು ಕಷ್ಟವಾಗುತ್ತದೆ. ಸಾಲ ಹುಟ್ಟುವ ಮೊದಲೇ ಪರೀಕ್ಷೆಯಾದರೆ ಮುಚ್ಚಿಡುವ ಒತ್ತಡವೇ ಕಡಿಮೆ.

ಪ್ರಕರಣದ ಈಗಿನ ಸ್ಥಿತಿ

ಅಳತೆಯ ವರದಿ ನೋಡಿದ ಮೇಲೆ ಕುಟುಂಬ ಮೇಲ್ಮನವಿ ಸಲ್ಲಿಸಲಿಲ್ಲ. ವಿಮಾನ ಸಂಚಾರ ನಿಯಂತ್ರಣಕ್ಕೂ ಬಣ್ಣದೃಷ್ಟಿ ಬೇಕಾದ್ದರಿಂದ ಆ ದಾರಿಯೂ ಮುಚ್ಚಿತ್ತು. ತರಬೇತಿ ಶಾಲೆ ಹಾರದೆ ಉಳಿದ ಗಂಟೆಗಳ ಹಣವನ್ನು ಒಪ್ಪಂದದಂತೆ, ಬಹಳ ಪತ್ರವ್ಯವಹಾರದ ನಂತರ, ಹಿಂದಿರುಗಿಸಿತು. ಪ್ರವೇಶ ಶುಲ್ಕ ಮತ್ತು ನೆಲದ ಮೇಲಿನ ಪಾಠದ ತರಗತಿಗಳ ಹಣ ಬರಲಿಲ್ಲ. ತಮ್ಮನೊಬ್ಬನಿದ್ದಾನೆ, ಅವನನ್ನೂ ಪರೀಕ್ಷಿಸಿದೆವು. ಅವನ ಬಣ್ಣದೃಷ್ಟಿ ಸಹಜವಾಗಿದೆ. ಮುಂದೆ ನಿನ್ನ ಗಂಡುಮಕ್ಕಳಿಗೆ ಇದು ಬರುವ ಸಂಭವವಿದೆಯೆಂದು ತಂಗಿಗೆ ತಾಯಿಯ ಮುಂದೆಯೇ ವಿವರಿಸಿ, ಇದು ಯಾರ ತಪ್ಪೂ ಅಲ್ಲವೆಂದು ಹೇಳಿದೆ. ಆ ಮಾತನ್ನು ತಾಯಿಗೆ ಎರಡು ಸಲ ಹೇಳಬೇಕಾಯಿತು.

ತಂದೆಯ ಮೂಲಕ ರಾಣೆಬೆನ್ನೂರಿನ ಇನ್ನೊಂದು ಕುಟುಂಬ ಮಗಳನ್ನು ಪೈಲಟ್ ತರಬೇತಿಗೆ ಸೇರಿಸುವ ಮುಂಚೆ ನನ್ನ ಬಳಿ ಬಂತು. ಅವರಿಗೆ ಬಣ್ಣದ ಪರೀಕ್ಷೆ ಮಾಡಿಕೊಟ್ಟೆ; ಕ್ಲಾಸ್ ಟು ಆದ ಕೂಡಲೇ ಕ್ಲಾಸ್ ಒನ್‌ಗೆ ದಿನಾಂಕ ಹಿಡಿಯಬೇಕು, ಅದರ ಫಲಿತಾಂಶ ಬರುವವರೆಗೆ ಶಾಲೆಗೆ ಮುಂಗಡ ಕೊಡಬಾರದು ಎಂದು ಹೇಳಿ, ರಕ್ತ, ಮೂತ್ರ, ಇಸಿಜಿ, ಕಿವಿ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಪರೀಕ್ಷೆಗಳನ್ನು ಇಲ್ಲಿಯೇ ಮುಂಚಿತವಾಗಿ ಮಾಡಿಸಿಕೊಂಡು ಹೋಗಲು ಬರೆದುಕೊಟ್ಟೆ.

ಯುವಕ ಮರುವರ್ಷದ ಸಿಇಟಿ ಬರೆದು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಿದ್ದಾನೆ. ಹೊಲದ ಮೇಲಿನ ಸಾಲ ಇನ್ನೂ ತೀರಿಲ್ಲ.